ಹಲಗೆಯ ವಿಮಾನಕ್ಕೆ ವಿಭೂತಿ

ನನ್ನ ಸೊಸೆ ಪಲ್ಲವಿಗೆ ಹಳೆ ಸಾಮಾನೆಂದರೆ ಗಂಡನಿಗಿಂತ ಹೆಚ್ಚು ಪ್ರೀತಿ. ತೀರಿಹೋದ ಇಟಲಿಯ ಮುದುಕನೊಬ್ಬನ ಮನೆಯಿಂದ ಅರಮನೆ ಬಾಗಿಲಷ್ಟು ದೊಡ್ಡ ಚಿತ್ರದ ಹಲಗೆ ತಂದು, ನಗರದಂಚಿನ ಬಡಾವಣೆ ಕ್ಲೈಡ್ ನಾರ್ತ್‌ನ ನಮ್ಮ ಹಾಲ್‌ನಲ್ಲಿ ನಿಲ್ಲಿಸಿದ್ದಳು. ಅದರ ತುಂಬ ಇಟಲಿಯವರ ಹಳೆ ವಿಮಾನಗಳು. ಅವುಗಳ ಕೆಳಗೆ ಬರೆದ ಊರು ಬುಗುರಿಯಂತೆ ಗಿರಗಿರ ತಿರುಗಿದಂತೆ ಕಾಣುತ್ತಿತ್ತು.

“ಇದು ಫ್ಯೂಚರಿಸ್ಟ್ ಆರ್ಟ್, ಅತ್ತಿ.”

“ಯಾವನೋ ಕುಡದು ತೆಗದಾನ ಬಿಡವಾ,” ಎಂದೆ.

ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಮಧ್ಯಾಹ್ನ ಮಗ ಗುರುಬಸವ ಸಿಡ್ನಿಯಿಂದ ವಿಮಾನದಲ್ಲಿ ಬರಬೇಕಿತ್ತು. ಅಲ್ಲಿ ಬಿರುಗಾಳಿ ಎಂದು ಟಿವಿಯಲ್ಲಿ ಹೇಳಿದರು. ಅವನ ಫೋನ್ ಹತ್ತಲಿಲ್ಲ. ಕಾರಿಗೆ, ಮಿಕ್ಸರ್‌ಗೆ ವಿಭೂತಿ ಹಚ್ಚಿದವಳು ಹಲಗೆಯ ವಿಮಾನವೊಂದರ ಮೂತಿಗೂ ಮೂರು ಬೆರಳು ಎಳೆದೆ.

“ನನ್ನ ಮಗನ್ನ ಕರಕೊಂಡ ಬಾರಪ್ಪಾ.”

ಹಲಗೆ ದುಡಿದ ಎತ್ತಿನ ಮೈಯಂತೆ ಬೆಚ್ಚಗಿತ್ತು. ಒಳಗೆ ಸಾವಿರ ಜೇನು ಗುಂಯ್‌ಗುಟ್ಟಿದವು. ಸುಟ್ಟ ಎಣ್ಣೆಯ ವಾಸನೆಗೆ ಪಲ್ಲವಿ ಅಡುಗೆಮನೆಯಿಂದ ಓಡಿ ಬಂದಳು.

“ಏನ್ ಹೊತ್ತಿಸಿದ್ರಿ, ಅತ್ತಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ಬೆಲ್ ಆಯಿತು. ಬಾಗಿಲಲ್ಲಿ ಗುರುಬಸವ ಬರಿಗೈಯಲ್ಲಿ ನಿಂತಿದ್ದ. ಮುಖವೆಲ್ಲ ಮಸಿ, ಕಣ್ಣಿನ ಸುತ್ತ ಮಾತ್ರ ಹಳೆ ಪೈಲಟರ ದಪ್ಪ ಕನ್ನಡಕ ಹಾಕಿ ತೆಗೆದಂತೆ ಎರಡು ಸ್ವಚ್ಛ ದುಂಡು ಗುರುತು. ಕೈ ಹಿಡಿದರೆ ಐಸಿನಂತೆ ಕೊರೆಯಿತು.

“ಹೆಂಗ ಬಂದ್ಯೋ?”

“ಫ್ಲೈಟ್‌ನಾಗ, ಅವ್ವಾ. ನಿದ್ದಿ ಹತ್ತಿತ್ತು. ಭಾಳ ಗಾಳಿ ಹೊಡೀತಿತ್ತು.”

ಅವನು ಮುಖ ತೊಳೆಯಲು ಹೋದಾಗ, ಟಿಕೆಟ್ ತೆಗೆಸಿದ್ದ ಪಲ್ಲವಿಯ ಮೊಬೈಲ್‌ಗೆ ವಿಮಾನ ಕಂಪನಿಯ ಮೆಸೇಜ್ ಬಂತು. ಅವಳು ಓದಿದಳು, ಮತ್ತೊಮ್ಮೆ ಓದಿ ನನ್ನ ಮುಂದೆ ಹಿಡಿದಳು. ಸಿಡ್ನಿಯಿಂದ ಹೊರಡಬೇಕಿದ್ದ ಅವನ ವಿಮಾನ ರದ್ದಾಗಿದೆ, ನಾಳೆ ಬೆಳಿಗ್ಗೆ ಏಳಕ್ಕೆ ಅದೇ ಗೇಟಿಗೆ ಬರಬೇಕು ಎಂದು ಬರೆದಿತ್ತು.