ಆವಕ ಸಂಖ್ಯೆ ನಲವತ್ತೆರಡು

“ಮೂರು ತಿಂಗಳಾದ್ಮೇಲೆ ದಾರಿ ನೆನಪಾಯ್ತಾ ಸಾಹೇಬ್ರಿಗೆ?”

ಬಾಗಿಲಿಗೆ ಅಡ್ಡ ನಿಂತೇ ಕೇಳಿದಳು ಅವಳು. ಮರೆವಿನ ಕಾಯಿಲೆಯ ಹಿರಿಯರನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರದ ಮುಖ್ಯ ನರ್ಸ್. ಎದುರಿಗೆ ಬೆವರುತ್ತಾ ನಿಂತವನು ಸರ್ಕಾರದ ಸಮನ್ವಯಾಧಿಕಾರಿ!

ಅಲ್ಜೈಮರ್ಸ್ ಎದುರಿಸಲು ಆರೋಗ್ಯ, ಪೊಲೀಸ್, ಸಾರಿಗೆ, ಸಮಾಜ ಕಲ್ಯಾಣ ಇಲಾಖೆಗಳನ್ನು ಒಂದೇ ಯೋಜನೆಗೆ ತರುವುದು ಅವನ ಕೆಲಸ. ಅದಕ್ಕೆಂದೇ ಒಂದು ವಾರ ಇಲ್ಲಿ ಕೂತು ಟಿಪ್ಪಣಿ ಮಾಡಿಕೊಂಡಿದ್ದ. ಅಜ್ಜಿಯರ ಜೊತೆ ಹಾಡಿದ್ದ. ಇವಳನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದ. ಆಮೇಲೆ ಪತ್ತೆಯೇ ಇಲ್ಲ...

“ನಾಲ್ಕು ಇಲಾಖೆಗಳ ಸಹಿಗೆ ಅಲೀತಿದ್ದೆ ರೀ! ಯೋಜನೆಯ ಮೂಲ ಪ್ರತಿ ನಿಮಗೆ ಕಳಿಸಿ ಹದಿನೈದು ದಿನ ಆಯ್ತು. ಬಾಕಿ ಇರೋದು ನಿಮ್ಮ ಸಹಿ ಒಂದೇ. ಇವತ್ತು ಐದು ಗಂಟೆಯೊಳಗೆ ಕಚೇರಿಗೆ ತಲುಪದಿದ್ರೆ ನಿಮ್ಮ ಕೇಂದ್ರಕ್ಕೆ ವ್ಯಾನೂ ಇಲ್ಲ, ಡಾಕ್ಟರೂ ಇಲ್ಲ.”

“ಸುಳ್ಳು! ಒಂದು ಚೀಟಿನೂ ಬಂದಿಲ್ಲ.”

ಅವನು ಜೇಬಿನಿಂದ ಸ್ವೀಕೃತಿ ಚೀಟಿ ತೆಗೆದ. ಅದರ ಮೇಲಿನ ದುಂಡು ಸಹಿಯನ್ನು ಅವಳು ಬಗ್ಗಿ ನೋಡಿದಳು. ಅಪ್ಪನ ಸಹಿ!

ಅಪ್ಪ ಬಾಗಿಲ ಪಕ್ಕದ ಮೇಜಿನಲ್ಲೇ ಕೂತಿದ್ದರು. ಮೂವತ್ತೈದು ವರ್ಷ ಟಪಾಲು ಗುಮಾಸ್ತರಾಗಿದ್ದವರು. ಈಗ ಮಗಳ ಗುರುತೂ ಇಲ್ಲ, ಅವಳನ್ನು ‘ಸಿಸ್ಟರ್’ ಎನ್ನುತ್ತಾರೆ.

“ಅಪ್ಪಾ, ಆ ಕಾಗದ ಎಲ್ಲಿಟ್ರಿ?”

“ಯಾವ ಕಾಗದ ಸಿಸ್ಟರ್?”

ಗಂಟೆ ನಾಲ್ಕಾಗಿತ್ತು. ಅವಳಿಗೆ ಅಳುವೇ ಬಂತು. ಅಧಿಕಾರಿ ಮಾತ್ರ ಅಂಗಿಯ ಗುಂಡಿ ಸರಿಮಾಡಿಕೊಂಡು ಮೇಜಿನ ಮುಂದೆ ನಿಂತ.

“ಸಾರ್, ಸಮನ್ವಯ ಯೋಜನೆಯ ಕಡತ ಬೇಕಿತ್ತು.”

ಅಪ್ಪನ ಬೆನ್ನು ನೆಟ್ಟಗಾಯಿತು. “ಬಾಯಿಮಾತಿಗೆಲ್ಲ ಕಡತ ಕೊಡೋಕಾಗುತ್ತೇನ್ರೀ? ಬರೆದು ಕೊಡಿ.”

ಅವನು ಬರೆದುಕೊಟ್ಟ. ಅಪ್ಪ ಎರಡು ಸಲ ಓದಿ, ಒಂದು ತಪ್ಪು ತಿದ್ದಿ, ಸೀದಾ ಕೇರಂ ಬೋರ್ಡಿನ ಕಪಾಟಿಗೆ ನಡೆದರು. ಬೋರ್ಡಿನ ಹಿಂದೆ ದಾರ ಕಟ್ಟಿದ ಕಟ್ಟು! ಲೈಟ್ ಬಿಲ್ಲು, ಔಷಧಿ ಚೀಟಿ, ಬಂದ ಕಾಗದಕ್ಕೆಲ್ಲ ಸಾಲಾಗಿ ಆವಕ ಸಂಖ್ಯೆ. ನಲವತ್ತೊಂದನೆಯದೇ ಯೋಜನೆ.

“ನಮ್ಮ ಕಚೇರೀಲಿ ಒಂದು ಕಾಗದ ಕಳೆದಿದ್ದು ಅಂತಿಲ್ಲ!”

ಅವಳು ನಗುತ್ತಲೇ ಸಹಿ ಹಾಕಿದಳು. ಆಗ ಕಟ್ಟಿನಿಂದ ಇನ್ನೊಂದು ಲಕೋಟೆ ಜಾರಿತು, ಸಂಖ್ಯೆ ನಲವತ್ತೆರಡು. ಅವಳ ಹೆಸರಿಗೇ ಬಂದದ್ದು.

“ಅಯ್ಯೋ, ಅದು ಈಗ ಬೇಡ... ಅದು ಸರ್ಕಾರದ್ದಲ್ಲ!” ಅಧಿಕಾರಿ ಕೈ ಚಾಚಿದ.

ಅಷ್ಟರಲ್ಲಿ ಅವಳು ಓದಿಯಾಗಿತ್ತು. ‘ಆ ವಾರದ ಟಿಪ್ಪಣಿಗಳೆಲ್ಲ ಕಡತ ಸೇರಿದವು. ನಿಮ್ಮ ನಗು ಮಾತ್ರ ನನ್ನ ಹತ್ತಿರವೇ ಉಳಿಯಿತು. ನನ್ನನ್ನು ಮದುವೆ ಆಗ್ತೀರಾ?’

ಅಂಚಿನಲ್ಲಿ ನೀಲಿ ಪೆನ್ಸಿಲ್ಲಿನ ದುಂಡು ಅಕ್ಷರ: ‘ಓದಿದೆ. ಹುಡುಗ ಒಳ್ಳೆಯವನಂತೆ ಕಾಣುತ್ತಾನೆ. ನನ್ನ ಮಗಳ ಅವಗಾಹನೆಗೆ.’

ನನ್ನ ಮಗಳು...! ಎಷ್ಟು ತಿಂಗಳಾಗಿತ್ತು ಆ ಮಾತು ಕೇಳಿ! ಅವಳ ಕಣ್ಣು ತುಂಬಿ ಹರಿಯಿತು.

“ಅಳಬೇಡಿ. ನಿಮಗೆ ಇಷ್ಟ ಇಲ್ಲದಿದ್ರೆ...”

“ಪೆದ್ದು! ಇದು ಇಷ್ಟ ಇಲ್ಲದ ಅಳುನಾ?”

“ಸಿಸ್ಟರ್,” ಅಪ್ಪ ಗದರಿದರು, “ಹದಿನೈದು ದಿನದ ಕಾಗದ ಅದು. ಮೊದಲು ಉತ್ತರ ಬರೀರಿ.”

ಅವಳು ‘ಒಪ್ಪಿಗೆ’ ಎಂದು ಬರೆದಳು. ಅಪ್ಪ ಅದಕ್ಕೆ ಹೊರಹೋಗುವ ಕಾಗದದ ಜಾವಕ ಸಂಖ್ಯೆ ಹಾಕಿ, ಮಡಚಿ ಅವನ ಕೈಗೇ ಇಟ್ಟರು.

“ಮುದ್ದಾಂ, ನೀವೇ ಕೈಯಾರೆ ತಲುಪಿಸಿ.”

“ಯಾರಿಗೆ ಸಾರ್?”

“ಆ ಹುಡುಗನಿಗೆ. ಪಾಪ, ಕಾಯ್ತಿರ್ತಾನೆ.”

ಅವನು ಮಡಿಕೆ ಬಿಡಿಸಿ ಓದಿದ. “ತಲುಪಿತು ಸಾರ್...”

“ಯೋಜನೆ ಇನ್ನೂ ತಲುಪಿಲ್ಲ, ಓಡಿ!” ಕಣ್ಣೊರೆಸಿಕೊಳ್ಳುತ್ತಾ ಅವಳು ಅವನನ್ನು ಬಾಗಿಲಿಗೆ ದಬ್ಬಿದಳು. “ಈ ಸಲ ದಾರಿ ಮರೀಬೇಡಿ.”

“ಆರು ಗಂಟೆಗೆ ಇಲ್ಲಿರ್ತೀನಿ.”

“ಐದೂವರೆಗೆ!”