ಕಿವಿಯ ಮುಂದಿನ ಕೀಲು

"ಏನಲೇ ಕನಕರಾಜ, ಸಂತೇಲಿ ಕುರಿ ಹಲ್ಲು ತೋರಿಸ್ದಂಗೆ ಬಾಯಿ ತಕ್ಕಂಡು ನಿಂತಿದೀಯ? ನಿಮ್ಮಜ್ಜನ ಮಂದೆ ಅಲ್ಲ ಇದು, ಕ್ಲಾಸು."

ಹನುಮಂತಪ್ಪ ಮೇಷ್ಟ್ರು ಹೀಗೆಂದದ್ದೇ ತಡ, ಇಡೀ ಐದನೇ ಕ್ಲಾಸು ಗೊಳ್ಳೆಂದು ನಕ್ಕಿತು.

ಕನಕರಾಜ ಬೇಕೆಂದು ಬಾಯಿ ತೆರೆದಿರಲಿಲ್ಲ. ಬಿಸಿಯೂಟ ಉಂಡ ಮೇಲೆ ದೊಡ್ಡದೊಂದು ಆಕಳಿಕೆ ಬಂದಿತ್ತು. ಕಿವಿಯ ಹತ್ತಿರ ಟಕ್ ಎಂದಿತು. ಅಷ್ಟೇ, ಬಾಯಿ ಮುಚ್ಚಲೊಲ್ಲದು. ಜೊಲ್ಲು ಅಂಗಿಯ ಮೇಲೆ ಇಳಿಯುತ್ತಿತ್ತು.

"ಬಾಯಿ ಮುಚ್ಚು ಅಂದೆ."

"ಆ... ಆ..."

"ನನ್ನನ್ನೇ ಅಣಕಿಸ್ತೀಯ? ಹೊರಗೆ ನಿಂತ್ಕ."

ಮುಚ್ಚಲು ಬಾರದ ಬಾಯಿಯನ್ನು ಮುಚ್ಚುವುದು ಹೇಗೆ? ಏನಾಯ್ತೋ ಎಂದು ಒಂದು ಮಾತು ಕೇಳಿದ್ದರೆ ಮೇಷ್ಟ್ರ ಗಂಟೇನು ಹೋಗುತ್ತಿತ್ತು? ಬೈದರೆ ತನ್ನನ್ನು ಬೈಯಲಿ, ಅಜ್ಜನ ಮಂದೆಯನ್ನು ಯಾಕೆ ಎಳೆದು ತರಬೇಕು? ಕನಕರಾಜನ ಕಣ್ಣು ಉರಿದವು. ಹೊರಗೆ ಹೋಗಿ ಗೋಡೆಗೊರಗಿ ನಿಂತ.

ಬೆಲ್ ಹೊಡೆದ ಕೂಡಲೇ ಗೆಳೆಯ ಮಾರುತೇಶ್ ಓಡಿದ. ಶಾಲೆಯ ಹಿಂದೆ ಕುರಿ ಮೇಯಿಸುತ್ತಿದ್ದ ಗುಡ್ಡಪ್ಪಜ್ಜನನ್ನು ಕರೆತಂದ.

ಅಜ್ಜ ಮೊಮ್ಮಗನ ಮುಖವನ್ನು ಬಿಸಿಲಿಗೆ ಎತ್ತಿ ಹಿಡಿದ. "ಜಾಲಿಕಾಯಿ ಸಿಕ್ಕೈತೇನಪ್ಪ? ಕರಿ ಟಗರಿಗೂ ಹಿಂಗೇ ಆಗಿತ್ತು."

ಬೆರಳು ಹಾಕಿ ಗಂಟಲವರೆಗೂ ತಡಕಿದ. ಕನಕರಾಜನಿಗೆ ವಾಂತಿ ಬರುವಂತಾಯಿತು. ಕಾಯಿಯೂ ಇಲ್ಲ, ಮುಳ್ಳೂ ಇಲ್ಲ. ಅಜ್ಜನ ಮುಖ ಇಳಿಯಿತು. ಮಂದೆಯನ್ನು ಪಕ್ಕದವರಿಗೆ ಒಪ್ಪಿಸಿ, ಮೊಮ್ಮಗನನ್ನು ಕರೆದುಕೊಂಡು ಹೊಳಲ್ಕೆರೆ ಆಸ್ಪತ್ರೆಗೆ ಬಸ್ಸು ಹತ್ತಿದ. ಯಾರೂ ನೋಡದಿರಲೆಂದು ದಾರಿಯುದ್ದಕ್ಕೂ ಟವೆಲ್ಲನ್ನು ಹುಡುಗನ ಬಾಯಿಗೆ ಅಡ್ಡ ಹಿಡಿದಿದ್ದ.

"ಹೆದರಬೇಡ ಪುಟ್ಟ," ಎಂದರು ಆಸ್ಪತ್ರೆಯ ಹಲ್ಲಿನ ಡಾಕ್ಟ್ರಮ್ಮ. ಒಂದು ಅಂಗೈಯನ್ನು ಗುಳಿ ಮಾಡಿ ಇನ್ನೊಂದು ಕೈಯ ಮುಷ್ಟಿಯನ್ನು ಅದರಲ್ಲಿಟ್ಟರು. "ಕಿವಿ ಮುಂದೆ ಹಿಂಗೊಂದು ಗುಳಿ ಇದೆ. ಕೆಳದವಡೆಯ ಉಂಡೆ ಅದರಲ್ಲಿ ಕೂತಿರುತ್ತೆ. ಬಾಯಿ ತೆಗೆದಾಗ ತಿರುಗುತ್ತೆ, ಮುಂದಕ್ಕೂ ಜಾರುತ್ತೆ. ಇವತ್ತು ನಿನ್ನ ಉಂಡೆ ಗುಳಿ ಮುಂದಿನ ದಿಬ್ಬ ದಾಟಿ ಸಿಕ್ಕಿಹಾಕ್ಕೊಂಡಿದೆ."

ಎರಡೂ ಹೆಬ್ಬೆರಳನ್ನು ಅವನ ಕೆಳಗಿನ ದವಡೆಹಲ್ಲಿನ ಮೇಲಿಟ್ಟು ಕೆಳಕ್ಕೆ ಒತ್ತಿದರು, ಹಿಂದಕ್ಕೆ ತಳ್ಳಿದರು. ಕಟಕ್! ಬಾಯಿ ಮುಚ್ಚಿತು.

"ಅಜ್ಜಾ," ಎಂದ ಕನಕರಾಜ. ಎಂದವನೇ ಅತ್ತುಬಿಟ್ಟ.

"ಬೇರೆ ಯಾರಿಗಾರ ಹಿಂಗಾಗ್ತೈತೇನ್ರಿ?" ಅಜ್ಜ ಕೇಳಿದ.

"ಯಾರಿಗೆ ಬೇಕಾದ್ರೂ ಆಗಬಹುದಜ್ಜ. ಎಲ್ಲರ ಕೀಲೂ ಒಂದೇ ಥರ." ಡಾಕ್ಟ್ರಮ್ಮ ಗಲ್ಲದಿಂದ ನೆತ್ತಿಯವರೆಗೆ ಬ್ಯಾಂಡೇಜು ಸುತ್ತಿದರು. "ಆಕಳಿಕೆ ಬಂದ್ರೆ ಗಲ್ಲ ಹಿಡ್ಕೋ ಪುಟ್ಟ."

ಮೇಷ್ಟ್ರಿಗೆ ಏನು ಹೇಳಬೇಕೆಂದು ಕನಕರಾಜ ಬಸ್ಸಿನಲ್ಲೇ ಜೋಡಿಸಿಕೊಂಡ. ಮರುದಿನ ಶಾಲೆಗೆ ಹೋಗುವಾಗ ಇನ್ನೊಮ್ಮೆ ಜೋಡಿಸಿಕೊಂಡ. ಒಂದೊಂದು ಮಾತೂ ಕಾದ ಕಬ್ಬಿಣ.

ಪ್ರೇಯರ್ ಮುಗಿದಿತ್ತು. ಎಲ್ಲರೂ ಇನ್ನೂ ಶಾಲೆಯ ಅಂಗಳದಲ್ಲೇ ಇದ್ದರು.

"ಓಹೋ, ಟಗರು ಇವತ್ತು ಬಾಯಿಗೆ ಕುಕ್ಕೆ ಹಾಕ್ಕಂಡು ಬಂದೈತೆ," ಎಂದು ಮೇಷ್ಟ್ರು ಬಾಯ್ತುಂಬ ನಕ್ಕರು. ಕೆಲವರಷ್ಟೇ ನಕ್ಕರು. ಮಾರುತೇಶ್ ನಗಲಿಲ್ಲ.

ಮಾತು ಕನಕರಾಜನ ನಾಲಿಗೆಯ ತುದಿಗೆ ಬಂದಿತ್ತು. ಬ್ಯಾಂಡೇಜೇನೂ ಅದನ್ನು ತಡೆಯುವಷ್ಟು ಬಿಗಿಯಾಗಿರಲಿಲ್ಲ. ಅಷ್ಟರಲ್ಲಿ ಅವನ ಕಣ್ಣು ಮೇಷ್ಟ್ರ ಕಿವಿಯ ಮುಂದೆ ನಿಂತಿತು. ಅಲ್ಲಿ ಚರ್ಮದಡಿ ಒಂದು ಸಣ್ಣ ಉಂಡೆ ನಗುವಿನ ಜೊತೆ ಮುಂದೆ ಜಾರಿತು, ಹಿಂದೆ ಬಂತು. ಮತ್ತೆ ಮುಂದೆ ಜಾರಿತು.

ಯಾವತ್ತು ಬೇಕಾದರೂ ಅದೂ ದಿಬ್ಬ ದಾಟಬಹುದೆಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ.

"ಲೇ, ನಿನಗೇ ಹೇಳಿದ್ದು."

ಕನಕರಾಜ ಬ್ಯಾಗನ್ನು ಹೆಗಲಿಗೇರಿಸಿ ಕ್ಲಾಸಿನ ಕಡೆ ನಡೆದ.