ಹೊರಗಿನ ಚಿಲಕ

ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ದೂರು ಒಂದು ಮೊಬೈಲ್ ಕಾಣೆಯಾದದ್ದು. ಸಿದ್ಧ ಉಡುಪು ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಮಗಳು ಹಿಂದಿನ ದಿನ ಉಬ್ಬಸದಿಂದ ಸತ್ತಿದ್ದಳು. ಆಸ್ಪತ್ರೆಯಿಂದ ಶವ ಬಂತು, ಫೋನ್ ಬರಲಿಲ್ಲ ಎಂದು ತಾಯಿ ಬರೆಸಿದಳು. ಸಹಿ ಹಾಕಿದ ಮೇಲೂ ಎದ್ದು ಹೋಗಲಿಲ್ಲ.

"ತಲೆಕೂದಲ ತುಂಬ ನೂಲಿನ ಧೂಳಿತ್ತು ಸಾರ್. ಇಸ್ತ್ರಿ ಮೇಜಿನ ಹತ್ರ ಧೂಳೆಲ್ಲಿಂದ ಬರುತ್ತೆ?"

ಇನ್‌ಸ್ಪೆಕ್ಟರ್ ಅಸಹಜ ಸಾವೆಂದು ಪ್ರಕರಣ ದಾಖಲಿಸಿಕೊಂಡು, ಮಹಿಳಾ ಕಾನ್‌ಸ್ಟೆಬಲ್ ಜತೆ ಹೊರಟರು.

ಕಾರ್ಖಾನೆಯಲ್ಲಿ ಎದುರಾದವಳು ಸಿಬ್ಬಂದಿ ವಿಭಾಗ ನೋಡಿಕೊಳ್ಳುವ ಹೆಂಗಸು. ಎಲ್ಲರಿಗೂ ಅವಳು ಅಕ್ಕ. ಹೊಲಿಗೆ ಯಂತ್ರದಿಂದ ಮೇಲೆ ಬಂದವಳು. ರಜೆ, ಹೆರಿಗೆ ಸೌಲಭ್ಯ, ಕೆಲಸದ ಅವಧಿ ಎಂದು ಕಾನೂನನ್ನೆಲ್ಲ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಿಕೊಟ್ಟವಳು. ಅತ್ತು ಅತ್ತು ಅವಳ ಕಣ್ಣು ಊದಿತ್ತು. ಹುಡುಗಿ ಮೇಜಿನ ಬಳಿಯೇ ಕುಸಿದಳು ಎಂದಳು. ಉಳಿದವರನ್ನು ಕೇಳಿದರೆ ಅದೇ ಮಾತು, ಬಾಯಿಪಾಠ ಒಪ್ಪಿಸಿದ ಹಾಗೆ. ಸುಳ್ಳು ಹೇಳಲು ಕಲಿಸಬಹುದು, ಒಬ್ಬೊಬ್ಬರು ಒಂದೊಂದು ರೀತಿ ಹೇಳಲು ಕಲಿಸುವುದು ಕಷ್ಟ.

ಹಿಂದಿನ ಮಧ್ಯಾಹ್ನ ಕಾರ್ಮಿಕ ಇಲಾಖೆಯ ಅಧಿಕಾರಿ ತಪಾಸಣೆಗೆ ಬಂದಿದ್ದರೆಂದು ಕಾವಲುಗಾರ ಹೇಳಿದ. ನೂಲಿನ ಧೂಳು ಎಲ್ಲಿದೆ ಎಂದು ಹುಡುಕಿ ಹೋದರೆ ಸಿಕ್ಕಿದ್ದು ಚಿಂದಿ ಬಟ್ಟೆಯ ಉಗ್ರಾಣ. ಅದಕ್ಕೆ ಕಿಟಕಿ ಇರಲಿಲ್ಲ, ಚಿಲಕ ಇದ್ದದ್ದು ಹೊರಗೆ ಮಾತ್ರ. ಬಾಗಿಲಿನ ಒಳಮೈಯಲ್ಲಿ ಉಗುರಿನ ಗೀರುಗಳು. ಅಲ್ಲೇ ಪಂಚನಾಮೆ ನಡೆಯಿತು. ಆಮೇಲೆ ಕಾನ್‌ಸ್ಟೆಬಲ್ ಸತ್ತವಳ ನಂಬರಿಗೆ ಕರೆ ಮಾಡಿದಳು.

ಫೋನ್ ಅಕ್ಕನ ಮೇಜಿನ ಡ್ರಾಯರಿನಲ್ಲಿ ರಿಂಗಾಯಿತು.

ಯಂತ್ರಗಳು ಒಂದೊಂದಾಗಿ ನಿಂತವು. ಮೊದಲ ಸಾಲಿನವಳು ಎದ್ದಳು.

"ಆಫೀಸರ್ ಬಂದಾಗೆಲ್ಲ ಹಾಜರಿಯಲ್ಲಿ ಹೆಸರಿಲ್ಲದವರು ನಾವು ಉಗ್ರಾಣ ಸೇರ್ಕೋತೀವಿ. ಸದ್ದಾಗಬಾರದು ಅಂತ ಫೋನು ಅಕ್ಕನ ಕೈಗೆ ಕೊಡ್ತೀವಿ. ನಿನ್ನೆ ಅವಳಿಗೆ ಉಸಿರು ಕಟ್ತು, ಬಾಗಿಲು ಬಡಿದ್ವಿ. ಹೊರಗೆ ಅಕ್ಕ ಇದ್ದಾಳಲ್ಲ, ತೆಗೀತಾಳೆ ಅಂತ ಧೈರ್ಯ ಇತ್ತು."

ಅಧಿಕಾರಿ ಹೋದ ಮೇಲೆ ಉಳಿದವರ ಫೋನುಗಳು ಹಿಂದಿರುಗಿದ್ದವು. ಇದೊಂದನ್ನು ಕೊಡಲೂ ಆಗದೆ, ಎಸೆಯಲೂ ಮನಸ್ಸು ಬಾರದೆ ಅಕ್ಕ ಇಟ್ಟುಕೊಂಡಿದ್ದಳು.

"ಬಡಿದದ್ದು ಕೇಳಿಸ್ತಾ?" ಇನ್‌ಸ್ಪೆಕ್ಟರ್ ಅಕ್ಕನನ್ನು ಕೇಳಿದರು.

"ಕೇಳಿಸ್ತು."

"ಮತ್ತೆ?"

"ಅದೇನು ಸದ್ದು ಅಂತ ಆಫೀಸರ್ ಕೇಳಿದ್ರು. ಪೆಟ್ಟಿಗೆ ಇಳಿಸ್ತಿದ್ದಾರೆ ಅಂದೆ."

ಸಂಜೆ ಐದಕ್ಕೆ ಅವಳನ್ನು ಬಂಧಿಸಲಾಯಿತು. ಈ ಒಂದು ತಪಾಸಣೆ ದಾಟಿಸಿದರೆ ಅವಳ ಹೆಸರನ್ನೂ ಹಾಜರಿಗೆ ಹತ್ತಿಸುವುದಾಗಿ ಮಾಲೀಕ ಮಾತು ಕೊಟ್ಟಿದ್ದ. ಕಾನೂನು ಕಲಿಸಿದವಳಿಗೂ ಅಲ್ಲಿ ಹೆಸರಿರಲಿಲ್ಲ. ಠಾಣೆಗೆ ಕರೆಸಿದಾಗ ಮಾಲೀಕ ಅವಳತ್ತ ತಿರುಗಿಯೂ ನೋಡದೆ, ಈ ಹೆಂಗಸು ನಮ್ಮ ಕೆಲಸದವಳೇ ಅಲ್ಲ ಎಂದು ಕೈತೊಳೆದುಕೊಂಡ. ಇನ್‌ಸ್ಪೆಕ್ಟರಿಗೆ ಮೈ ಉರಿದುಹೋಯಿತು. ಅವನನ್ನೇ ಒಂದನೇ ಆರೋಪಿ ಎಂದು ಬರೆದು ಲಾಕಪ್ಪಿಗೆ ಕಳಿಸಿದರು.

ತಾಯಿ ಇನ್ನೂ ಬೆಂಚಿನ ಮೇಲೆ ಕುಳಿತಿದ್ದಳು. ಅಕ್ಕನನ್ನು ಕರೆದೊಯ್ಯುವಾಗ ಎದ್ದು ನಿಂತಳು. ಬೈಯಲಿಲ್ಲ, ಶಾಪ ಹಾಕಲಿಲ್ಲ.

"ಬೇರೆ ಕಡೆ ಸಂಬಳ ಜಾಸ್ತಿ ಇತ್ತು ಕಣಮ್ಮ," ಎಂದಳು. "ಇಲ್ಲಿ ನೀನಿದ್ದೀಯ ಅಂತ ಕಳಿಸಿದ್ದೆ."